ನೀರಿನ ಲೆಕ್ಕ, ಜನರ ಲೆಕ್ಕ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸದ ಪಾಠ)



ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯೆಂದರೆ ಕೇವಲ ಕಟ್ಟಡದ ಚರಿತ್ರೆಯಲ್ಲ. ಅದು ಬಂದು ನೆಲೆಸಿದವರ ಮತ್ತು ಬಿಟ್ಟುಹೋದವರ ಚರಿತ್ರೆ. ಜನರು ಏಕೆ ಬರುತ್ತಾರೆ, ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಬೇಸಾಯದ ನಾಡಿನಲ್ಲಿ ಮೊದಲ ಉತ್ತರ ನೀರು. ಆದುದರಿಂದ ನೀರು, ಬೇಸಾಯ, ವಲಸೆ ಈ ಮೂರರ ಪರಸ್ಪರ ಸಂಬಂಧವನ್ನು ಕುರಿತು ಸಮಾಜ ಸಂಶೋಧಕರು ಕಂಡುಕೊಂಡ ಕೆಲವು ಸಂಗತಿಗಳನ್ನು ಇಂದು ತಮ್ಮ ಮುಂದಿಡಲು ನಾವು ಬಯಸುತ್ತೇವೆ. ಇದಕ್ಕಾಗಿ ನಾವು ಆರಿಸಿಕೊಂಡಿರುವುದು ದೂರದ ಒಂದು ಗಡಿಪ್ರದೇಶವನ್ನು: ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಮೆಕ್ಸಿಕೊ ದೇಶಗಳ ನಡುವೆ, ಕೊಲರಾಡೊ ನದಿಯ ಕೆಳಭಾಗದಲ್ಲಿರುವ ಇಂಪೀರಿಯಲ್ ಮತ್ತು ಮೆಕ್ಸಿಕಾಲಿ ಕಣಿವೆಗಳನ್ನು. ಮೂರೂ ಎಳೆಗಳು ಇಷ್ಟು ಸ್ಪಷ್ಟವಾಗಿ ಹೆಣೆದುಕೊಂಡಿರುವ ಪ್ರದೇಶಗಳು ವಿರಳ.

ಭೂಮಿಯ ದೃಷ್ಟಿಯಿಂದ ಇವೆರಡೂ ಒಂದೇ ಕಣಿವೆ. ಮಳೆಯೆಂಬುದು ಹೆಸರಿಗೆ ಮಾತ್ರ. ನದಿ ತಂದು ಹಾಸಿದ ಮಣ್ಣು ಮಾತ್ರ ಫಲವತ್ತಾದುದು. ನಕ್ಷೆಯ ಮೇಲೆ ಎಳೆದ ಒಂದು ಗೆರೆ ಈ ಮಣ್ಣನ್ನು ಎರಡು ರಾಜ್ಯಗಳಿಗೆ ಹಂಚಿತು. 1901ರಲ್ಲಿ ನದಿಯ ನೀರನ್ನು ಮೊದಲು ಇಂಪೀರಿಯಲ್ ಕಣಿವೆಗೆ ತಂದ ಕಾಲುವೆಯು ಮೆಕ್ಸಿಕೊದ ನೆಲದ ಮೂಲಕವೇ ಹಾದುಬರುತ್ತಿತ್ತು. 1905ರಲ್ಲಿ ಪ್ರವಾಹ ಬಂದು ಕಾಲುವೆಯ ಬಾಯಿ ಒಡೆದು, ಇಡೀ ನದಿಯೇ ತಗ್ಗಿನ ಕಡೆಗೆ ತಿರುಗಿತು. 1907ರಲ್ಲಿ ಅದನ್ನು ಮುಚ್ಚುವಷ್ಟರಲ್ಲಿ ಸಾಲ್ಟನ್ ಸಮುದ್ರವೆಂಬ ವಿಶಾಲ ಸರೋವರವೇ ಉಂಟಾಗಿತ್ತು.

ಬಳಿಕ ನದಿಯನ್ನು ಲೆಕ್ಕದಲ್ಲಿ ಹಂಚುವ ಕಾರ್ಯ ಆರಂಭವಾಯಿತು. ನೀರಾವರಿಯವರು ಬಳಸುವ ಅಳತೆ 'ಎಕರೆ-ಅಡಿ': ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರ ನಿಲ್ಲುವಷ್ಟು ನೀರು. 1922ರ ಒಪ್ಪಂದದಲ್ಲಿ ಅಮೆರಿಕದ ಏಳು ರಾಜ್ಯಗಳು ನದಿಯ ಮೇಲ್ಭಾಗಕ್ಕೆ 75 ಲಕ್ಷ, ಕೆಳಭಾಗಕ್ಕೆ 75 ಲಕ್ಷ ಎಕರೆ-ಅಡಿಗಳೆಂದು ಹಂಚಿಕೊಂಡವು. ಮೆಕ್ಸಿಕೊ ಆ ಮಾತುಕತೆಯಲ್ಲಿ ಇರಲಿಲ್ಲ. ಹಂಚಿಕೆಗೆ ಆಧಾರವಾಗಿ ಹಿಡಿದ ವರ್ಷಗಳು ನೀರು ಹೆಚ್ಚಾಗಿದ್ದ ವರ್ಷಗಳಾಗಿದ್ದುದರಿಂದ, ನದಿಯಲ್ಲಿ ಇಲ್ಲದ ನೀರನ್ನೂ ಹಂಚಿದಂತಾಯಿತು. 1935ರಲ್ಲಿ ಹೂವರ್ ಅಣೆಕಟ್ಟು ಸಿದ್ಧವಾಯಿತು. ಗಡಿಯನ್ನು ದಾಟದೆ ಅಮೆರಿಕದ ನೆಲದಲ್ಲಿಯೇ ಸಾಗುವ ಸುಮಾರು 80 ಮೈಲಿಯ 'ಆಲ್ ಅಮೆರಿಕನ್' ಕಾಲುವೆ 1940ರ ವೇಳೆಗೆ ಮುಗಿಯಿತು. ಕೊನೆಗೆ 1944ರ ಒಡಂಬಡಿಕೆಯಿಂದ ಮೆಕ್ಸಿಕೊಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರು ನಿಗದಿಯಾಯಿತು. ಇಂಪೀರಿಯಲ್ ಕಣಿವೆಯ ಒಂದೇ ನೀರಾವರಿ ಜಿಲ್ಲೆಯ ಇಂದಿನ ಹಕ್ಕು ಸುಮಾರು 31 ಲಕ್ಷ ಎಕರೆ-ಅಡಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಹಂಚಿಕೆಯ ಸ್ವರೂಪ ತಿಳಿಯುತ್ತದೆ.

ಇದು ನೀರಿನ ಲೆಕ್ಕ. ಇದರಲ್ಲಿ ಅಣೆಕಟ್ಟುಗಳಿವೆ, ಕಾಲುವೆಗಳಿವೆ, ರಾಜ್ಯಗಳಿವೆ. ಆದರೆ ಬಂದ ನೀರನ್ನು ಬೆಳೆಯಾಗಿ ಪರಿವರ್ತಿಸಿದ ಕೈಗಳು ಯಾರವು? ಹತ್ತಿ ಬಿಡಿಸಿದವರು, ಚಳಿಗಾಲದ ಲೆಟ್ಯೂಸ್ ಸೊಪ್ಪನ್ನು ಕೊಯ್ದವರು ಎಲ್ಲಿಂದ ಬಂದರು? ಈ ಲೆಕ್ಕವನ್ನು ಯಾವ ಒಪ್ಪಂದವೂ ಬರೆದಿಡಲಿಲ್ಲ. ಅದನ್ನು ಬರೆಯಲು ಹೊರಟವರು ಕೆಲವು ಸಮಾಜ ಸಂಶೋಧಕರು. ಅವರ ಕಾರ್ಯವೇ ಇಂದಿನ ನಮ್ಮ ಮುಖ್ಯ ವಿಷಯ.

ಮೊದಲನೆಯವರು ಮೆಕ್ಸಿಕೊದ ಮಾನವಶಾಸ್ತ್ರಜ್ಞ ಮ್ಯಾನುಯೆಲ್ ಗಾಮಿಯೊ. 1926-27ರಲ್ಲಿ ಅವರು ವಲಸೆಯನ್ನು ಅಭ್ಯಸಿಸಲು ಹೊರಟಾಗ ಗಡಿ ದಾಟಿದವರ ಸಂಖ್ಯೆ ಎರಡು ಸರ್ಕಾರಗಳ ದಾಖಲೆಗಳಲ್ಲಿ ಎರಡು ತೆರನಾಗಿತ್ತು. ಆಗ ಅವರು ಹಿಡಿದ ದಾರಿ ಬಹು ಸರಳ: ಕೂಲಿಗಾರರು ತಮ್ಮ ಮನೆಗಳಿಗೆ ಕಳುಹಿಸುತ್ತಿದ್ದ ಮನಿಯಾರ್ಡರುಗಳನ್ನು ಅವರು ಪರಿಶೀಲಿಸಿದರು. ಹಣ ಹೋಗುವ ಊರು ದುಡಿಯುವವನ ಊರಷ್ಟೇ. ಹೀಗೆ ನೋಡಿದಾಗ ವಲಸೆಗಾರರಲ್ಲಿ ಬಹಳ ಮಂದಿ ಗಡಿಯ ಸಮೀಪದವರಲ್ಲ. ದೂರದ ಮಿಚೊವಕಾನ್, ಗ್ವಾನಹ್ವಾತೊ, ಹಲೀಸ್ಕೊ ಪ್ರಾಂತಗಳವರು ಎಂಬುದು ಹೊರಬಿತ್ತು. 1930ರಲ್ಲಿ ಪ್ರಕಟವಾದ ಅವರ ಗ್ರಂಥದ ಮರುವರ್ಷವೇ, ವಲಸೆಗಾರರು ತಮ್ಮ ಬಾಯಲ್ಲೇ ಹೇಳಿದ ಜೀವನ ವೃತ್ತಾಂತಗಳ ಸಂಪುಟವೂ ಹೊರಬಂದಿತು. ಒಂದು ಕಾಲಕ್ಕೆ ಮುಂಬಯಿಯಿಂದ ಬರುವ ಮನಿಯಾರ್ಡರಿಗಾಗಿ ಅಂಚೆಯವನ ದಾರಿ ಕಾಯುತ್ತಿದ್ದ ಮನೆಗಳವರಿಗೆ ಗಾಮಿಯೊ ಅವರ ಈ ಉಪಾಯದ ಮರ್ಮವನ್ನು ನಾವು ವಿವರಿಸಬೇಕಾಗಿಲ್ಲ.

ಎರಡನೆಯವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಪಾಲ್ ಟೇಲರ್. ಇಂಪೀರಿಯಲ್ ಕಣಿವೆಯ ಮೆಕ್ಸಿಕನ್ ಕೂಲಿಗಾರರನ್ನು ಕುರಿತ ಅವರ ಅಧ್ಯಯನ 1928ರಲ್ಲಿ ಪ್ರಕಟವಾಯಿತು. ಅವರು ಅಷ್ಟಕ್ಕೇ ನಿಲ್ಲದೆ, ಕೂಲಿಗಾರರು ಬಿಟ್ಟುಬಂದ ಊರುಗಳಲ್ಲೊಂದಾದ ಹಲೀಸ್ಕೊದ ಅರಾಂದಾಸ್‌ಗೂ ಹೋಗಿ ಅಲ್ಲಿನ ರೈತಜೀವನವನ್ನು ಕಣ್ಣಾರೆ ಕಂಡು 1933ರಲ್ಲಿ ಮತ್ತೊಂದು ಗ್ರಂಥ ಬರೆದರು. ವಲಸೆಯನ್ನು ತಲುಪಿದ ತುದಿಯಿಂದ ಮಾತ್ರವಲ್ಲ, ಹೊರಟ ತುದಿಯಿಂದಲೂ ನೋಡಬೇಕೆಂಬ ಪಾಠ ಇದು. ನೀರಾವರಿಯ ಲಾಭ ಸಣ್ಣ ರೈತರಿಗೆ ಸಲ್ಲಬೇಕೆಂದು, ಒಬ್ಬ ಮಾಲೀಕನ 160 ಎಕರೆಗೆ ಮಾತ್ರ ಸರ್ಕಾರಿ ಯೋಜನೆಯ ನೀರೆಂಬ 1902ರ ಕಾನೂನಿನ ಪರವಾಗಿ ಅವರು ದಶಕಗಳ ಕಾಲ ವಾದಿಸಿದರು. ಆದರೆ 1929ಕ್ಕೆ ಮೊದಲೇ ನೀರಾವರಿಯಾಗಿದ್ದ ಇಂಪೀರಿಯಲ್ ಕಣಿವೆಯ ಜಮೀನುಗಳಿಗೆ ಈ ಮಿತಿ ಅನ್ವಯಿಸದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ತೀರ್ಪಿತ್ತಿತು.

ಮೂರನೆಯವರು ಅರ್ನೆಸ್ಟೊ ಗಲಾರ್ಸಾ. 1905ರಲ್ಲಿ ಮೆಕ್ಸಿಕೊದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗಡಿ ದಾಟಿ, ಹೊಲಗಳಲ್ಲಿ ಕೂಲಿ ಮಾಡಿ, ಮುಂದೆ ಡಾಕ್ಟರೇಟ್ ಪಡೆದ ವಿದ್ವಾಂಸರು. 1942ರಿಂದ 1964ರವರೆಗೆ ಎರಡು ಸರ್ಕಾರಗಳ ಒಪ್ಪಂದದಂತೆ 'ಬ್ರಾಸೆರೊ'ಗಳೆಂಬ ಕರಾರು ಕೂಲಿಗಾರರನ್ನು ತರಿಸಲಾಗುತ್ತಿತ್ತು. ಆ ಪದಕ್ಕೆ ರಟ್ಟೆಯ ಬಲದಿಂದ ದುಡಿಯುವವನೆಂದು ಅರ್ಥ. ಈ ಅವಧಿಯಲ್ಲಿ 45 ಲಕ್ಷಕ್ಕೂ ಹೆಚ್ಚು ಕರಾರುಗಳಾದವು. ಬೇಕಾದುದು ರಟ್ಟೆ, ಆ ರಟ್ಟೆಯ ಹಿಂದಿನ ಮನುಷ್ಯನಲ್ಲ. ಆರಂಭದ ವರ್ಷಗಳಲ್ಲಿ ಕೂಲಿಯ ನೂರಕ್ಕೆ ಹತ್ತರಷ್ಟನ್ನು ಉಳಿತಾಯವೆಂದು ಹಿಡಿಯಲಾಯಿತು. ಅನೇಕರಿಗೆ ಆ ಹಣ ಮರಳಿ ಬರಲೇ ಇಲ್ಲ. ಗಲಾರ್ಸಾ ಅವರು ಕೂಲಿಗಾರರ ಬಿಡಾರಗಳಿಗೆ ಹೋಗಿ, ಕರಾರಿನಲ್ಲಿ ಬರೆದುದನ್ನೂ ನಿಜವಾಗಿ ನಡೆಯುತ್ತಿದ್ದುದನ್ನೂ ಅಕ್ಕಪಕ್ಕದಲ್ಲಿಟ್ಟು 1956ರಲ್ಲಿ ವರದಿಯನ್ನು ಪ್ರಕಟಿಸಿದರು. ಈ ಹೊಲಗಳಲ್ಲಿ ಗಿಡ್ಡ ಹಿಡಿಯ ಗುದ್ದಲಿಯೊಂದು ಬಳಕೆಯಲ್ಲಿತ್ತು. ದಿನವಿಡೀ ನಡು ಬಗ್ಗಿಸಿಯೇ ಕೆಲಸ ಮಾಡಬೇಕಾದ ಆ ಉಪಕರಣ ಅದೆಷ್ಟೋ ಮಂದಿಯ ಬೆನ್ನನ್ನು ಹಾಳುಮಾಡಿತು. ಕ್ಯಾಲಿಫೋರ್ನಿಯದಲ್ಲಿ ಅದಕ್ಕೆ ನಿಷೇಧ ಬಂದುದು 1975ರಲ್ಲಿ.

ಈ ಕಣಿವೆಯ ಚರಿತ್ರೆಯಲ್ಲಿ ಭಾರತೀಯರೂ ಇದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು ಅಲ್ಲಿಗೆ ಹೋಗಿ ಹತ್ತಿ ಬೆಳೆಯತೊಡಗಿದರು. 1913ರ ಕಾನೂನಿನಿಂದಾಗಿ ಕಾಲಕ್ರಮದಲ್ಲಿ ಅವರಿಗೆ ಭೂಮಿಯ ಒಡೆತನ ಅಸಾಧ್ಯವಾಯಿತು; ಊರಿನಿಂದ ಹೆಂಡತಿಯರನ್ನು ಕರೆತರುವುದಕ್ಕೂ ದಾರಿ ಮುಚ್ಚಿತು. ಅನೇಕರು ಮೆಕ್ಸಿಕನ್ ಸ್ತ್ರೀಯರನ್ನು ವಿವಾಹವಾದರು. ಈ ಕುಟುಂಬಗಳನ್ನು ಕುರಿತು ಕ್ಯಾರೆನ್ ಲೆನಾರ್ಡ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮಗೆ ಆಪ್ತವೆನಿಸುವ ವಿವರವಿದೆ: ಮಕ್ಕಳಲ್ಲಿ ಬಹುಪಾಲು ಕಥೋಲಿಕರಾಗಿಯೇ ಬೆಳೆದರು; ಪಂಜಾಬಿ ಗಂಡಸರೂ ಜ್ಞಾನಪಿತರಾಗಿ ನಿಂತರು; ಅವರ ಹೆಸರುಗಳು ಸ್ಪ್ಯಾನಿಷ್ ರೂಪ ತಾಳಿ ಜ್ಞಾನಸ್ನಾನದ ದಾಖಲೆಗಳಲ್ಲಿ ಉಳಿದವು. ಇದೇ ಕಣಿವೆಯಲ್ಲಿ ಬೇಸಾಯ ಮಾಡಿದ ದಲೀಪ್ ಸಿಂಗ್ ಸೌಂದ್ ಅವರು 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದ ಪ್ರಥಮ ಭಾರತೀಯ ಮೂಲದವರು.

ಇನ್ನು ಗಡಿಯ ಆಚೆಗೆ ಬರೋಣ. ಮೆಕ್ಸಿಕಾಲಿ ಕಣಿವೆಯ ಬಹುಭಾಗ ಲಾಸ್ ಏಂಜಲೀಸಿನ ಧನಿಕರ ಒಂದು ಕಂಪನಿಯ ಒಡೆತನದಲ್ಲಿತ್ತು. 1937ರ ಜನವರಿ 27ರಂದು ಭೂಹೀನರು ಆ ಜಮೀನುಗಳನ್ನು ಹೊಕ್ಕರು. ಅಧ್ಯಕ್ಷ ಕಾರ್ದೆನಾಸ್ ಅವರ ಸರ್ಕಾರ ಭೂಮಿಯನ್ನು 'ಎಹಿದೊ' ಎಂಬ ಸಾಮುದಾಯಿಕ ಹಿಡುವಳಿಗಳಾಗಿ ಹಂಚಿತು. ಹೀಗೆ ನೆಲ ದೊರೆತವರಿಗೆ ನೀರಿನಿಂದಲೇ ಸಂಕಟ ಬಂದಿತು. 1961ರಲ್ಲಿ ಅಮೆರಿಕದ ಅರಿಜೋನ ರಾಜ್ಯದ ಹೊಲಗಳ ಬಸಿನೀರನ್ನು ನದಿಗೆ ಬಿಡತೊಡಗಿದಾಗ, ಮೆಕ್ಸಿಕೊಗೆ ಹರಿಯುವ ನೀರಿನ ಉಪ್ಪಿನಂಶ ದಶಲಕ್ಷಕ್ಕೆ ಸುಮಾರು 800 ಭಾಗಗಳಿಂದ 2,000ವನ್ನೂ ಮೀರಿತು. ಒಡಂಬಡಿಕೆಯಲ್ಲಿ ನೀರಿನ ಪ್ರಮಾಣವಿತ್ತೇ ಹೊರತು ಗುಣದ ಮಾತಿರಲಿಲ್ಲ. ಲೆಕ್ಕಕ್ಕೆ ಸರಿಯಾಗಿದ್ದ ನೀರು ಬೆಳೆಗೆ ವಿಷವಾಯಿತು. ಉಪ್ಪಿಗೂ ಮಿತಿ ಗೊತ್ತುಪಡಿಸಿದ ಒಪ್ಪಂದ ಆಗುವುದಕ್ಕೆ 1973ರ ಆಗಸ್ಟ್ ಬರಬೇಕಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಪ್ರಸಂಗವಿದೆ. ನಮ್ಮ ಉಪನ್ಯಾಸದ ತಿರುಳೂ ಅದರಲ್ಲಿಯೇ ಇದೆ. ಆಲ್ ಅಮೆರಿಕನ್ ಕಾಲುವೆಯ ತಳ ಬರಿಯ ಮಣ್ಣಿನದಾಗಿತ್ತು. ಅದರಿಂದ ಇಂಗಿದ ನೀರು ನೆಲದೊಳಗೆ ಹರಿದು ಗಡಿಯಾಚೆಯ ಮೆಕ್ಸಿಕಾಲಿ ರೈತರ ಬಾವಿಗಳನ್ನು ತುಂಬುತ್ತಿತ್ತು. ಒಂದೆರಡು ತಲೆಮಾರು ಈ ನೀರನ್ನು ನಂಬಿ ಬೇಸಾಯ ನಡೆಯಿತು. ಗಡಿಯ ಈಚಿನ ದಾಖಲೆಯಲ್ಲಿ ಮಾತ್ರ ಇದೇ ನೀರು 'ಸೋರಿಕೆಯ ನಷ್ಟ'. ನಷ್ಟವನ್ನು ತಡೆಯಲೆಂದು ಸುಮಾರು 23 ಮೈಲಿಯಷ್ಟು ಕಾಲುವೆಯನ್ನು ಕಾಂಕ್ರೀಟಿನಲ್ಲಿ ಕಟ್ಟಲು ನಿರ್ಧಾರವಾಯಿತು. ಮೆಕ್ಸಿಕೊದ ಕಡೆಯವರು ನ್ಯಾಯಾಲಯಕ್ಕೆ ಹೋದರು. 2006ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ವಿಳಂಬವಿಲ್ಲದೆ ಕೆಲಸ ನಡೆಸಬೇಕೆಂದು ಕಾನೂನು ಮಾಡಿತು. 2009ರಲ್ಲಿ ಕಾಮಗಾರಿ ಮುಗಿಯಿತು. ವರ್ಷಕ್ಕೆ 67,700 ಎಕರೆ-ಅಡಿ ನೀರು ಉಳಿಯಿತು. ಅದರ ಬಹುಪಾಲು ಸ್ಯಾನ್ ಡಿಯೇಗೊ ನಗರಪ್ರದೇಶಕ್ಕೆ ಸೇರಿತು.

ಇಲ್ಲಿ ಯಾರೂ ಸುಳ್ಳು ಲೆಕ್ಕ ಬರೆಯಲಿಲ್ಲ. ಒಡಂಬಡಿಕೆಯ 15 ಲಕ್ಷ ಎಕರೆ-ಅಡಿಯಲ್ಲಿ ಒಂದು ಹನಿಯೂ ಕಡಿಮೆಯಾಗಲಿಲ್ಲ. ಆದರೂ ಒಬ್ಬರ ಪುಸ್ತಕದಲ್ಲಿ ನಷ್ಟವೆಂದು ಬರೆದದ್ದು ಇನ್ನೊಬ್ಬರ ಬಾವಿಯಾಗಿತ್ತು. ಈ ಸಂಗತಿಯನ್ನು ನದಿಯ ಅಳತೆಗೋಲು ತೋರಿಸಲಾರದು. ಮನೆಮನೆಗೆ ಹೋಗಿ, ನಿಮ್ಮ ಬಾವಿಯ ನೀರು ಎಲ್ಲಿಂದ ಬರುತ್ತದೆ, ಅದು ಇಳಿದರೆ ನಿಮ್ಮ ಮಗ ಎಲ್ಲಿಗೆ ಹೋಗುತ್ತಾನೆ ಎಂದು ಕೇಳುವವರು ಮಾತ್ರ ತೋರಿಸಬಲ್ಲರು. ಸಮಾಜ ಸಂಶೋಧನೆಯೆಂಬುದು ಪಂಡಿತರ ವಿನೋದವಲ್ಲ, ಅದು ನ್ಯಾಯದ ಮೊದಲ ಮೆಟ್ಟಿಲು ಎಂದು ನಾವು ಹೇಳುವುದು ಈ ಕಾರಣದಿಂದ.

ಇಂದಿಗೂ ಬೆಳಗಾಗುವ ಮುನ್ನ ಮೆಕ್ಸಿಕಾಲಿಯಿಂದ ಸಾವಿರಾರು ಕೂಲಿಗಾರರು ಗಡಿಯ ದ್ವಾರದಲ್ಲಿ ಸಾಲುಗಟ್ಟಿ ನಿಂತು, ಕ್ಯಾಲೆಕ್ಸಿಕೊ ಊರನ್ನು ಹೊಕ್ಕು, ಅಲ್ಲಿಂದ ಹೊಲಗಳಿಗೆ ಹೋಗುತ್ತಾರೆ. ನಗರಗಳಿಗೆ ನೀರು ಹೋದಂತೆ ಹೊಲಗಳ ಬಸಿನೀರು ಕಡಿಮೆಯಾಗಿ ಸಾಲ್ಟನ್ ಸಮುದ್ರ ಬತ್ತುತ್ತಿದೆ. ಬಯಲಾದ ತಳದ ದೂಳು ಸುತ್ತಲಿನ ಊರುಗಳ ಮಕ್ಕಳ ಉಸಿರಿಗೆ ತೊಡಕಾಗಿದೆ. 2021ರ ಆಗಸ್ಟಿನಲ್ಲಿ ನದಿಯ ಕೆಳಭಾಗಕ್ಕೆ ಪ್ರಪ್ರಥಮವಾಗಿ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಲಾಯಿತು.

ಆದರೂ ಭರವಸೆಗೆ ಆಧಾರವಿಲ್ಲದಿಲ್ಲ. 2012ರಲ್ಲಿ ಎರಡು ದೇಶಗಳೂ ಕೂಡಿ ಮಾಡಿಕೊಂಡ ಒಪ್ಪಂದದಂತೆ, 2014ರ ಮಾರ್ಚ್ 23ರಿಂದ ಎಂಟು ವಾರಗಳ ಕಾಲ ಸುಮಾರು 1,05,000 ಎಕರೆ-ಅಡಿ ನೀರನ್ನು ಒಣಗಿದ ನದಿಪಾತ್ರಕ್ಕೆ ಬಿಡಲಾಯಿತು. ಸ್ಯಾನ್ ಲೂಯಿಸ್ ಎಂಬ ಗಡಿಯ ಊರಿನಲ್ಲಿ, ನದಿಯಲ್ಲಿ ನೀರನ್ನೇ ಕಾಣದೆ ಬೆಳೆದ ಮಕ್ಕಳು ನೀರಿಗಿಳಿದು ಕುಣಿದರು. ಮೇ ತಿಂಗಳಲ್ಲಿ ನದಿ ಸಮುದ್ರವನ್ನು ಮುಟ್ಟಿತು. 1922ರಲ್ಲಿ ಹೊರಗಿಟ್ಟವರನ್ನು ಒಳಗೆ ಕರೆದು ಕೂರಿಸಿದಾಗ ಏನಾಗಬಹುದೆಂಬುದಕ್ಕೆ ಇದು ನಿದರ್ಶನ.

ಪ್ರಿಯ ಬಾಂಧವರೇ, 2003ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ದೇಶಗಳ ಧರ್ಮಾಧ್ಯಕ್ಷರು ಕೂಡಿ ವಲಸೆಯನ್ನು ಕುರಿತು ಒಂದು ಪಾಲನಾ ಪತ್ರವನ್ನು ಹೊರಡಿಸಿದರು. ಇವರು ಇನ್ನು ಅಪರಿಚಿತರಲ್ಲ ಎಂಬುದು ಅದರ ಶೀರ್ಷಿಕೆಯ ಭಾವ. ಅಪರಿಚಿತರನ್ನು ಪರಿಚಿತರನ್ನಾಗಿ ಮಾಡಿಕೊಳ್ಳಲು ಮೊದಲು ಅವರ ಹೆಸರು ತಿಳಿಯಬೇಕು, ಊರು ತಿಳಿಯಬೇಕು, ಹೊರಟ ಕಾರಣ ತಿಳಿಯಬೇಕು. ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕಗಳಲ್ಲಿಯೂ ನೂರು ವರ್ಷಗಳ ಜ್ಞಾನಸ್ನಾನ, ವಿವಾಹ, ಮರಣಗಳ ವಿವರಗಳಿವೆ. ನಮ್ಮ ಮನೆಗಳಿಂದ ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದವರಿದ್ದಾರೆ. ನಮ್ಮ ತೋಟಗಳಿಗೂ ಕಟ್ಟಡಗಳಿಗೂ ದೂರದಿಂದ ಕೂಲಿಗೆ ಬಂದವರೂ ಇದ್ದಾರೆ. ಯಾವ ಮನೆಯವರು ಯಾವ ವರ್ಷ ಹೊರಟರು, ಆ ವರ್ಷ ಬಾವಿಯಲ್ಲಿ ನೀರೆಷ್ಟಿತ್ತು, ಅವರ ಗದ್ದೆಯನ್ನು ಈಗ ಮಾಡುತ್ತಿರುವವರು ಯಾರು, ಇಂದು ನಮ್ಮ ನಡುವೆ ದುಡಿಯುತ್ತಿರುವವರ ಊರು ಯಾವುದು ಎಂಬುದನ್ನು ನಮ್ಮ ಯುವಜನರು ಹಿರಿಯರ ಬಳಿ ಕುಳಿತು ಬರೆದಿಡಲಿ. ಶತಮಾನೋತ್ಸವದ ವರ್ಷದಲ್ಲಿ ಕೈಗೊಳ್ಳಲು ಇದು ತಕ್ಕ ಕಾರ್ಯವೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ.