ತೆಳುಬಾಯಿಯ ಮೀನು

ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಓಸೇಜ್ ನದಿಗೆ ಬ್ಯಾಗ್ನೆಲ್ ಅಣೆಕಟ್ಟು ಕಟ್ಟಿದ್ದರಿಂದ 1931ರಲ್ಲಿ ವಿಶಾಲವಾದ ಸರೋವರವೊಂದು ಮೈದಳೆಯಿತು. ಲೇಕ್ ಆಫ್ ದಿ ಓಝಾರ್ಕ್ಸ್ ಎಂಬುದು ಅದರ ಹೆಸರು. ಬೆಳ್ಳಿಯ ಮೈಮೇಲೆ ಕಪ್ಪು ಮಚ್ಚೆಗಳುಳ್ಳ ಕ್ರಾಪಿ ಎಂಬ ಮೀನಿಗೆ ಅದು ಹೆಸರಾದ ತಾಣ.

ಆಗಸ್ಟ್ ಕೊನೆಯಲ್ಲಿ, ಅಲ್ಲಿಯ ಬೇಸಗೆ ಮುಗಿಯುವ ವೇಳೆಗೆ, ಈ ಮೀನಿನ ಬಾಳು ಇಕ್ಕಟ್ಟಿನದು. ಮೇಲಿನ ನೀರು ಕಾದಿರುತ್ತದೆ; ತಳದ ತಣ್ಣೀರಿನಲ್ಲಿ ಉಸಿರಿಗೆ ಬೇಕಾದ ಆಮ್ಲಜನಕ ಸಾಲದು. ನಡುವಣ ಪದರವೇ ಅದಕ್ಕೆ ಆಸರೆ.

ಕತ್ತಲು ಕವಿಯುತ್ತಲೇ ಗಾಳಗಾರನು ನೀರಿನ ಮೇಲೆ ದೀಪವನ್ನು ತೂಗಿಬಿಡುತ್ತಾನೆ. ಬೆಳಕಿಗೆ ಸೂಕ್ಷ್ಮಜೀವಿಗಳು ನೆರೆಯುತ್ತವೆ. ಅವನ್ನು ಅರಸಿ ಕಿರುಮೀನುಗಳು, ಅವುಗಳ ಬೆನ್ನಿಗೆ ಕ್ರಾಪಿ. ಇದು ಮೇಲೆ ನೋಡುತ್ತ ಬೇಟೆಯಾಡುವ ಮೀನಾದ್ದರಿಂದ ಎರೆಯು ಅದರ ತಲೆಗಿಂತ ತುಸು ಮೇಲೆಯೇ ನಿಲ್ಲಬೇಕು. ಬಾಯಂಚಂತೂ ಬಹಳ ತೆಳು; ಅಲ್ಲಿನವರು ಅದನ್ನು 'ಕಾಗದಬಾಯಿ' ಎಂದೇ ಕರೆಯುವುದುಂಟು. ರಭಸದಿಂದ ಎಳೆದರೆ ಬಾಯಿ ಹರಿದು ಮೀನು ತಪ್ಪಿಹೋಗುತ್ತದೆ. ಮೆಲ್ಲನೆ ಎತ್ತುವುದೇ ಅಲ್ಲಿ ಕುಶಲತೆ.

ಆದರೆ ಕೈ ಮೃದುವಾದ ಮಾತ್ರಕ್ಕೆ ಮನಸ್ಸೂ ಮೃದುವಾಯಿತೆನ್ನಲಾಗದು. ಆಟಕ್ಕೆಂದು ಹಿಡಿದು ಮರಳಿ ನೀರಿಗೆ ಬಿಡುವುದನ್ನು ದಯೆಯೆಂದು ಬಗೆಯುವವರುಂಟು. ಆಳದಿಂದ ಬಿಸಿನೀರಿಗೆ ಎಳೆತಂದ ಮೀನು ಈಜಿಹೋದಂತೆ ಕಂಡರೂ ಬಳಿಕ ಸಾಯುವ ಸಂಭವ ಬೇಸಗೆಯಲ್ಲಿ ಹೆಚ್ಚು. ದಿನಕ್ಕೆ ಇಷ್ಟು ಮೀನು ಎಂಬ ಕಾನೂನಿನ ಮಿತಿ ಎಣಿಸುವುದು ಕೊಂಡೊಯ್ದವನ್ನು. ಬಿಟ್ಟ ಮೇಲೆ ಸತ್ತವುಗಳ ಲೆಕ್ಕ ಅದಕ್ಕಿಲ್ಲ. ಆ ಲೆಕ್ಕವನ್ನು ಗಾಳಗಾರನೇ ಇಡಬೇಕು. ಮನೆಯ ಊಟಕ್ಕೆ ಸಾಕೆನಿಸಿದಾಗ, ಮೀನುಗಳಿನ್ನೂ ಬೆಳಕಿನ ಸುತ್ತ ಸುಳಿಯುತ್ತಿರುವಾಗಲೇ, ಗಾಳ ಸುತ್ತಿಟ್ಟು ದೀಪ ಆರಿಸಬಲ್ಲವನೇ ನಿಜವಾದ ಗಾಳಗಾರ.