ಜೂನ್‌ಗೆ ಬೇಕಾದ ಸೀಮೆಸುಣ್ಣ, ಮಾರ್ಚ್‌ನಲ್ಲಿ ಬರುವ ದುಡ್ಡು

(ಬಡಾವಣೆಯ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು. ನೀವು ಹಂಚುವ ಕರಪತ್ರ ಅಚ್ಚಾಗುವ ಯಂತ್ರದಲ್ಲೇ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ, ಪ್ರಗತಿ ಪತ್ರಗಳೂ ಅಚ್ಚಾಗುತ್ತವೆ. ಆ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ.

ವರ್ಷವಿಡೀ ಕಾಣದ ಮೇಷ್ಟ್ರುಗಳು ಮಾರ್ಚ್ ಕೊನೆಯ ವಾರ ನನ್ನ ಬಾಗಿಲಿಗೆ ಬರುತ್ತಾರೆ. ಒಮ್ಮೆ ಒಬ್ಬ ಮುಖ್ಯೋಪಾಧ್ಯಾಯಿನಿ ಮಧ್ಯಾಹ್ನ ಎರಡು ಗಂಟೆಗೆ ಓಡಿ ಬಂದರು.

"ದುಡ್ಡು ನಿನ್ನೆ ಬಂದಿದೆ ಸಾರ್. 31ರ ಒಳಗೆ ಖರ್ಚು ತೋರಿಸಬೇಕು. ಬಿಲ್ ಇವತ್ತೇ ಬೇಕು."

"ಈಗ ಶಾಲೇಲಿ ಯಾರಿದಾರೆ ಮೇಡಂ?"

"ಇನ್ನೊಬ್ಬ ಟೀಚರ್ ಇದಾರೆ. ಐದೂ ಕ್ಲಾಸ್ ಒಂದೇ ರೂಮಲ್ಲಿ ಕೂರಿಸಿ ಬಂದೆ. ಜೂನಲ್ಲಿ ಸೀಮೆಸುಣ್ಣ ನನ್ನ ಕೈಯಿಂದಲೇ ತಂದಿದ್ದೆ."

ಬಿಲ್ಲು ಬರೆದುಕೊಟ್ಟೆ. ಆ ದಿನದ ಸಂಪಾದನೆ ನನಗೆ ರುಚಿಸಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ತರಗತಿಗಳ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅವರಲ್ಲೊಬ್ಬರು ಬಿಲ್ಲು, ವೋಚರು ಎಂದು ಅಲೆದರೆ ಅರ್ಧ ಶಾಲೆಯೇ ಎದ್ದು ಹೋದಂತೆ. ಹಾಗೆ ಅಲೆಯುವುದು ಎಷ್ಟು ಹಣಕ್ಕೆ? ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನವೆಂದು ನಿಗದಿಯಾದದ್ದು 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100 ಮಕ್ಕಳವರೆಗೆ 25,000. ಅದರಲ್ಲೂ ಹತ್ತನೇ ಒಂದು ಪಾಲು ಸ್ವಚ್ಛತೆಗೆ. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ಒಂದೇ ಮಗುವಿನ ಫೀಸು ಇದಕ್ಕಿಂತ ಹೆಚ್ಚು!

2021ರಲ್ಲಿ ಬಂದ ಪದ್ಧತಿಯಲ್ಲಿ ಹಣವನ್ನು ರಾಜ್ಯಮಟ್ಟದ ಒಂದೇ ಖಾತೆಯಲ್ಲಿಟ್ಟರು. ಶಾಲೆಗೆ ಸಿಕ್ಕಿದ್ದು ಶೂನ್ಯ ಶಿಲ್ಕಿನ ಖಾತೆ, ಇಷ್ಟು ತೆಗೆಯಬಹುದು ಎಂಬ ಮಿತಿ. ದುಡ್ಡು ಎಲ್ಲೋ ಕೊಳೆಯಬಾರದೆಂಬ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮೇಲಿನವರು ತಡ ಮಾಡಿದರೆ ಕೆಳಗಿನವರ ಕೈಯಲ್ಲಿ ಬಿಡಿಗಾಸಿಲ್ಲ.

ಮೊಟ್ಟೆಯ ಲೆಕ್ಕ ಕೇಳಿ. ಬಿಸಿಯೂಟದ ಮೊಟ್ಟೆಗೆ 6 ರೂಪಾಯಿ ಕೊಡುತ್ತಿದ್ದಾಗ ಅದರಲ್ಲಿ ಸುಲಿಯುವ ಕೂಲಿಯೇ 30 ಪೈಸೆ ಎಂದು ಬೇರೆ ತೆಗೆದಿಟ್ಟಿದ್ದರು. ಪೇಟೆಯಲ್ಲಿ ದರ ಏರಿದರೆ ಮೇಷ್ಟ್ರ ಜೇಬೇ ಗತಿ. ಇಂಥ ಲೆಕ್ಕ ತಲೆಯಲ್ಲಿಟ್ಟುಕೊಂಡವರು ಕಾಗುಣಿತ ತಿದ್ದುವುದು ಯಾವಾಗ?

2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಬಂತು. ಜನ ಕೂಗಿದರು, ಸರ್ಕಾರ ವಾಪಸ್ ತೆಗೆದುಕೊಂಡಿತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅಂದರೆ ಕೂಗಿದರೆ ಕೇಳಿಸುತ್ತದೆ.

ಆದರೆ ನಾವು ಕೂಗುವುದು ನಾಮಫಲಕಕ್ಕೆ. ಕೂಗಬೇಕು, ಬೇಡ ಎನ್ನುವುದಿಲ್ಲ, ಆ ಕರಪತ್ರವನ್ನೂ ನಾನೇ ಅಚ್ಚು ಹಾಕಿದ್ದೇನೆ. ಕನ್ನಡ ಶಾಲೆ ಮುಚ್ಚುವ ದಿನ ಗೇಟಿನ ಮುಂದೆ ಧರಣಿ ಕೂರುವ ನಾವು, ಅದಕ್ಕೂ ಹತ್ತು ವರ್ಷ ಮೊದಲು ಅದರ ಲೆಕ್ಕದ ಪುಸ್ತಕ ನೋಡಿದ್ದೆವೆಯೆ? ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾನೂನಿದೆ. ನಿಮ್ಮ ಅಕ್ಕನ ಮಗು ಆ ಶಾಲೆಯಲ್ಲಿದ್ದರೆ ಅಕ್ಕನನ್ನು ಸಭೆಗೆ ಕಳಿಸಿ. ಕಂಪ್ಯೂಟರ್ ಬಲ್ಲವರು ತಿಂಗಳಿಗೊಂದು ಶನಿವಾರ ಹೋಗಿ ಮೇಷ್ಟ್ರ ಲೆಕ್ಕದ ಕೆಲಸಕ್ಕೆ ಕೈಜೋಡಿಸಿ.

ಜೂನ್ ತಿಂಗಳಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ, ಈ ವರ್ಷದ ಅನುದಾನ ಯಾವ ಶಾಲೆಗೆ ಯಾವ ದಿನ ಬಿಡುಗಡೆ ಎಂದು ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಅರ್ಜಿಯ ನಮೂನೆ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ, ಸಭೆ ಮುಗಿದ ಮೇಲೆ ಎಷ್ಟು ಪ್ರತಿ ಬೇಕೆಂದು ಹೇಳಿಹೋಗಿ.