ಫ್ಯಾಟ್ ನೋಡುವವನ ಕಷ್ಟ



ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಡೈರಿಯಲ್ಲಿ ಹಾಲು ಪರೀಕ್ಷಕನಾಗಿದ್ದವನು. "ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ನಿನಗೇನಪ್ಪಾ ಕಷ್ಟ?" ಅನ್ನೋರು. ಹಸುವಿಗೆ ಹಬ್ಬವಿಲ್ಲ, ಭಾನುವಾರವಿಲ್ಲ, ನಮಗೂ ಇಲ್ಲ. ಅದು ಹೋಗಲಿ.

ಆಗಿನ ಗರ್ಬರ್ ಪರೀಕ್ಷೆಗೆ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಅಲುಗಾಡಿಸಿದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಬಿರಡೆ ಸಡಿಲವಾದರೆ ಮುಗೀತು. ನನ್ನ ಅಂಗಿಯ ತೂತು ಎಣಿಸಿ ಮನೆಯವಳು ಬೈಯುತ್ತಿದ್ದಳು.

ಒಂದು ದಿನ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಕಮ್ಮಿ ಬಂತೆಂದು ಒಬ್ಬ ಅಜ್ಜಿಯ ಹಾಲು ವಾಪಸ್ ಕಳಿಸಿದೆ. "ನೀರು ಹಾಕಿಲ್ಲ ಕಣಪ್ಪಾ, ದೇವರಾಣೆಗೂ" ಅಂತ ಅತ್ತರು. ಆಗ ತಾನೇ ಕರೆದ ಬೆಚ್ಚನೆ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ, ತಣಿಸಿ ನೋಡಬೇಕು. ನನಗದು ಗೊತ್ತಿತ್ತು. ಆದರೆ ಸಾಲು ಬಾಗಿಲಾಚೆ ಬೆಳೆದಿತ್ತು, ವ್ಯಾನಿನವನು ಹಾರ್ನ್ ಹೊಡೀತಿದ್ದ. ತಪ್ಪು ನನ್ನದೇ. ಮಾರನೇ ದಿನ ಅವರ ಮನೆಗೆ ಹೋಗಿ ಕೈಮುಗಿದೆ.

ಆದರೆ ಬೆಳಗಿನ ಫ್ಯಾಟ್ ಸಂಜೆಗಿಂತ ಕಮ್ಮಿ ಬಂದರೆ ಪರೀಕ್ಷಕ ಕದ್ದ ಅನ್ನಬೇಡಿ. ಇಡೀ ರಾತ್ರಿ ಕೆಚ್ಚಲಲ್ಲಿ ತುಂಬಿದ ಹಾಲಲ್ಲಿ ಜಿಡ್ಡು ಕಮ್ಮಿಯೇ. ಮೊದಲು ಕರೆದದ್ದು ತೆಳು, ಕೊನೇದು ಗಟ್ಟಿ. ಕೊನೇದು ಕರುವಿನ ಪಾಲಾದರೆ ಡೈರಿಗೆ ತೆಳುವೇ ಬರುತ್ತೆ. ಕರುವಿಗೆ ಬಿಡಬೇಡಿ ಅಂತ ನಾನು ಹೇಳುತ್ತಿಲ್ಲ, ಮತ್ತೆ!

ಈಗ ಯಂತ್ರ ಬಂದಿದೆ, ಆಮ್ಲದ ಕಾಟವಿಲ್ಲ. ಅದನ್ನೂ ದಿನಾ ತೊಳೆದು ಇಡುವವನು ಬೇಕು. ಬಟವಾಡೆ ದಿನ ಜಗಳಕ್ಕೆ ನಿಲ್ಲುವ ಬದಲು, ಅನುಮಾನ ಬಂದ ದಿನವೇ ಮತ್ತೊಮ್ಮೆ ಹಾಕಿಸಿ ನೋಡಿ. ನಿಮ್ಮ ಹುಡುಗ ಬೇಡ ಅನ್ನಲ್ಲ.